ಬಿಳಿ ಗೋಲಿ, ಕರಿ ಗೋಲಿ: ಅಮೆರಿಕದ ಲಾಡ್ಜುಗಳು ನಡೆಯುತ್ತಿದ್ದ ಬಗೆ

ಲಾಡ್ಜ್ ಎಂದರೆ ನಮ್ಮ ಕಣ್ಣಿಗೆ ಬರುವುದು ಬಸ್ ನಿಲ್ದಾಣದ ಎದುರಿನ 'ಬೋರ್ಡಿಂಗ್ ಅಂಡ್ ಲಾಡ್ಜಿಂಗ್' ಬೋರ್ಡು. ನೂರು ವರ್ಷಗಳ ಹಿಂದಿನ ಅಮೆರಿಕದ ಸಣ್ಣ ಊರಿನಲ್ಲಿ ಆ ಪದಕ್ಕೆ ಬೇರೆಯೇ ಅರ್ಥವಿತ್ತು. ಅಲ್ಲಿ ಲಾಡ್ಜ್ ಎಂದರೆ ವಾರಕ್ಕೊಮ್ಮೆ ರಾತ್ರಿ ಸೇರುವ, ಬಾಗಿಲಲ್ಲಿ ಗುಪ್ತಪದ ಕೇಳುವ, ಒಳಗೆ ಒಬ್ಬರನ್ನೊಬ್ಬರು 'ಬ್ರದರ್' ಎಂದು ಕರೆಯುವ ಸಂಘ. ಫ್ರೀಮೇಸನ್ಸ್, ಆಡ್ ಫೆಲೋಸ್, ನೈಟ್ಸ್ ಆಫ್ ಪಿಥಿಯಸ್, ಎಲ್ಕ್ಸ್, ಮೂಸ್, ಈಗಲ್ಸ್, ವುಡ್‌ಮೆನ್ ಹೀಗೆ ಹೆಸರುಗಳು ನೂರಾರು. 1920ರ ಹೊತ್ತಿಗೆ ಅಲ್ಲಿನ ವಯಸ್ಕ ಗಂಡಸರಲ್ಲಿ ಮೂವರಿಗೆ ಒಬ್ಬರಾದರೂ ಇಂಥ ಯಾವುದಾದರೊಂದು ಸಂಘದ ಸದಸ್ಯರಾಗಿದ್ದರೆಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ.

ಇವುಗಳ ಬಗ್ಗೆ ಇಂದು ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸಿಗುವುದು ಬಹುಪಾಲು ರಹಸ್ಯ, ಪಿತೂರಿ, ಜಗತ್ತನ್ನಾಳುವ ಗುಪ್ತಕೂಟದ ಕಥೆಗಳು. ಆದರೆ ಆ ಕಾಲದ ಲಾಡ್ಜಿನ ನಡವಳಿ ಪುಸ್ತಕ ತೆರೆದರೆ ಕಾಣುವುದು ಬೇರೆ: ಯಾರು ಕಾಯಿಲೆ ಬಿದ್ದರು, ಯಾರು ನೋಡಿಬಂದರು, ಎಷ್ಟು ಡಾಲರ್ ಕೊಟ್ಟರು, ಯಾರ ಚಂದಾ ಬಾಕಿ ಇದೆ. ಸರಕಾರಿ ಪಿಂಚಣಿ, ಆರೋಗ್ಯ ವಿಮೆ, ಅಪಘಾತ ಪರಿಹಾರ ಇವೊಂದೂ ಇಲ್ಲದ ಕಾಲದಲ್ಲಿ ದುಡಿಯುವವನಿಗೆ ಲಾಡ್ಜೇ ಗತಿಯಾಗಿತ್ತು. ಗುಪ್ತಪದ, ಮೇಲಂಗಿ, ಕಣ್ಣುಪಟ್ಟಿಗಳೆಲ್ಲ ಆ ಲೆಕ್ಕದ ಪುಸ್ತಕವನ್ನು ಕಾಯುವ ಬೇಲಿ.

ಒಂದೇ ಸಂಘವನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಆಡ್ ಫೆಲೋಸ್ ಅದಕ್ಕೆ ಸರಿಯಾದ ಉದಾಹರಣೆ. ಇಂಗ್ಲೆಂಡಿನಿಂದ ಬಂದ ಥಾಮಸ್ ವೈಲ್ಡಿ ಎಂಬಾತ 1819ರ ಏಪ್ರಿಲ್ 26ರಂದು ಬಾಲ್ಟಿಮೋರ್ ನಗರದ ಒಂದು ಹೆಂಡದಂಗಡಿಯಲ್ಲಿ ನಾಲ್ವರು ಜೊತೆಗಾರರೊಂದಿಗೆ ಶುರು ಮಾಡಿದ್ದು ಇದು. (ಆ ಶತಮಾನ ಮುಗಿಯುವಷ್ಟರಲ್ಲಿ ಇದೇ ಸಂಘ ಸಾರಾಯಿ ಅಂಗಡಿಯವರಿಗೆ ಸದಸ್ಯತ್ವವನ್ನೇ ನಿಷೇಧಿಸಿತು.) ಲಾಂಛನ ಮೂರು ಕೊಂಡಿಗಳ ಸರಪಳಿ: ಸ್ನೇಹ, ಪ್ರೀತಿ, ಸತ್ಯ. ಕಟ್ಟಳೆ ನಾಲ್ಕು: ರೋಗಿಯನ್ನು ನೋಡಿ ಬಾ, ಕಷ್ಟದಲ್ಲಿರುವವನಿಗೆ ನೆರವಾಗು, ಸತ್ತವನನ್ನು ಮಣ್ಣು ಮಾಡು, ಅನಾಥನನ್ನು ಓದಿಸು. ಇವು ಗೋಡೆಗೆ ಬರೆದ ಸುಭಾಷಿತಗಳಲ್ಲ. ನಾಲ್ಕಕ್ಕೂ ಸಮಿತಿ, ನಿಧಿ, ನಿಯಮಗಳಿದ್ದವು.

ಒಳಗೆ ಬರುವುದು ಹೇಗೆ

ಸದಸ್ಯನಾಗಬೇಕೆಂದವನು ನೇರವಾಗಿ ಹೋಗಿ ದುಡ್ಡು ಕಟ್ಟುವಂತಿರಲಿಲ್ಲ. ಆಗಲೇ ಸದಸ್ಯನಾಗಿರುವ ಒಬ್ಬ ಅವನ ಹೆಸರು ಸೂಚಿಸಬೇಕು. ಅರ್ಜಿಯಲ್ಲಿ ವಯಸ್ಸು, ಕಸುಬು, ವಿಳಾಸ, ಆರೋಗ್ಯ, ಹಿಂದೆ ಬೇರೆ ಲಾಡ್ಜಿನಲ್ಲಿ ತಿರಸ್ಕೃತನಾಗಿದ್ದನೇ ಎಂಬ ವಿವರಗಳಿರಬೇಕು. ಅರ್ಜಿಯನ್ನು ಸಭೆಯಲ್ಲಿ ಓದಿ, ಸಾಮಾನ್ಯವಾಗಿ ಮೂವರ ವಿಚಾರಣಾ ಸಮಿತಿಗೆ ಒಪ್ಪಿಸುತ್ತಿದ್ದರು. ಅವರು ಆತನ ಬೀದಿಯಲ್ಲಿ, ಕೆಲಸದ ಜಾಗದಲ್ಲಿ ವಿಚಾರಿಸುತ್ತಿದ್ದರು. ಕುಡಿಯುತ್ತಾನೆಯೇ, ಅಂಗಡಿ ಸಾಲ ತೀರಿಸುತ್ತಾನೆಯೇ, ಕೆಮ್ಮು ಇದೆಯೇ ಎಂಬುದೆಲ್ಲ ಅದರಲ್ಲಿ ಬರುತ್ತಿತ್ತು. ಹೆಣ್ಣು ಕೊಡುವ ಮುಂಚೆ ನಮ್ಮ ಊರುಗಳಲ್ಲಿ ವಿಚಾರಿಸುತ್ತಿದ್ದುದಕ್ಕಿಂತ ಇದು ಬಹಳ ಬೇರೆಯೇನಲ್ಲ.

ವರದಿ ಬಂದ ಮೇಲೆ ಮತದಾನ. ಒಂದು ಮರದ ಪೆಟ್ಟಿಗೆ, ಮುಂಭಾಗದಲ್ಲಿ ಕೈ ತೂರುವಷ್ಟು ಕಿಂಡಿ, ಒಳಗೆ ಬಿಳಿ ಮತ್ತು ಕಪ್ಪು ಗೋಲಿಗಳು. ಸದಸ್ಯರು ಒಬ್ಬೊಬ್ಬರಾಗಿ ಬಂದು ಒಂದನ್ನು ಆರಿಸಿ ಒಳಗಿನ ತೂತಿಗೆ ಬೀಳಿಸಬೇಕು; ಯಾವ ಬಣ್ಣವೆಂದು ಪಕ್ಕದವನಿಗೆ ಕಾಣಬಾರದು. ಬಿಳಿ ಎಂದರೆ ಒಪ್ಪಿಗೆ, ಕಪ್ಪು ಎಂದರೆ ಬೇಡ. ಫ್ರೀಮೇಸನ್ನರ ಹಲವು ಲಾಡ್ಜುಗಳಲ್ಲಿ ಒಂದೇ ಕರಿ ಗೋಲಿ ಸಾಕಿತ್ತು, ಅರ್ಜಿ ಬಿದ್ದುಹೋಗುತ್ತಿತ್ತು; ಆಡ್ ಫೆಲೋಸ್‌ನಲ್ಲಿ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಬೇಕಿತ್ತು. ಮಂದ ಬೆಳಕಿನಲ್ಲಿ ಕೈತಪ್ಪುವುದುಂಟೆಂದು ಎಷ್ಟೋ ಕಡೆ ಕಪ್ಪನ್ನು ಗೋಲಿಯ ಬದಲು ಚೌಕ ಮಾಡಿದರು, ಬೆರಳಿಗೇ ಗೊತ್ತಾಗಲಿ ಎಂದು. ಒಂದೇ ಒಂದು ಕಪ್ಪು ಬಿದ್ದಾಗ ತಪ್ಪಿರಬಹುದೆಂದು ಮತ್ತೊಮ್ಮೆ ಪೆಟ್ಟಿಗೆ ತಿರುಗಿಸುವ ರೂಢಿಯೂ ಇತ್ತು.

ಇದನ್ನು ಬರೀ ದರ್ಪ ಎಂದು ತಳ್ಳಿಹಾಕಬಾರದು. ಬರುವವನು ನಾಳೆ ಕಾಯಿಲೆ ಬಿದ್ದರೆ ದುಡ್ಡು ಕೊಡಬೇಕಾದವರು ಮತ ಹಾಕುತ್ತಿದ್ದ ಇವರೇ. ಇಂದಿನ ವಿಮಾ ಕಂಪನಿ ರಕ್ತ ಪರೀಕ್ಷೆ, ದಾಖಲೆಗಳಿಂದ ಪಡೆಯುವ ಮಾಹಿತಿಯನ್ನು ಅವರು ನೆರೆಹೊರೆಯ ಮಾತಿನಿಂದ ಪಡೆಯುತ್ತಿದ್ದರು. ಆದರೆ ಕಾರಣ ಹೇಳದೆ ಹಾಕುವ ಕರಿ ಗೋಲಿ ಕ್ಷಯರೋಗಿಯನ್ನು ತಡೆದಷ್ಟೇ ಸಲೀಸಾಗಿ ಹಳೇ ಜಗಳದ ಪಕ್ಕದ ಮನೆಯವನನ್ನೂ, ಒಪ್ಪದ ಧರ್ಮದವನನ್ನೂ ತಡೆಯುತ್ತಿತ್ತು.

ಕಾಯಿಲೆಯ ದುಡ್ಡು

ಒಳಗೆ ಬಂದವನು ಮೂರು ತೆರನಾದ ದುಡ್ಡು ಕೊಡುತ್ತಿದ್ದ: ಸೇರುವಾಗ ಪ್ರವೇಶ ಶುಲ್ಕ, ಸಂಘದೊಳಗಿನ ಮೇಲಿನ ಪದವಿಗಳಿಗೆ (ದೀಕ್ಷೆಯ ಮೆಟ್ಟಿಲುಗಳಿಗೆ) ಏರುವಾಗ ಶುಲ್ಕ, ಮತ್ತು ನಿಯತ ಚಂದಾ. ಪ್ರತಿಯಾಗಿ ದುಡಿಯಲಾಗದಷ್ಟು ಕಾಯಿಲೆಯಾದರೆ ವಾರಕ್ಕೆ ಇಂತಿಷ್ಟೆಂದು ಭತ್ಯೆ. ಸಾಮಾನ್ಯವಾಗಿ 3ರಿಂದ 5 ಡಾಲರ್. ಕೂಲಿಯವನಿಗೆ ದಿನಕ್ಕೆ ಒಂದೂವರೆ ಡಾಲರ್ ಸಿಗುತ್ತಿದ್ದ ಕಾಲವದು, ಆರು ದಿನಕ್ಕೆ 9 ಡಾಲರ್. ಅಂದರೆ ಭತ್ಯೆ ಅರ್ಧ ಸಂಬಳದ ಆಸುಪಾಸು. ಕೈ ಬಿಗಿಹಿಡಿದಿದ್ದು ಜಿಪುಣತನದಿಂದ ಮಾತ್ರವಲ್ಲ. ಮಲಗಿದರೂ ದುಡಿದಷ್ಟೇ ಬರುವುದಾದರೆ ಏಳುವ ಅವಸರ ಯಾರಿಗಿದ್ದೀತು?

ನೂರು ಜನರ ಒಂದು ಲಾಡ್ಜನ್ನು ಊಹಿಸಿಕೊಳ್ಳಿ. ತಿಂಗಳಿಗೆ ತಲಾ 50 ಸೆಂಟ್ ಚಂದಾ ಎಂದರೆ ವರ್ಷಕ್ಕೆ 600 ಡಾಲರ್. ಸದಸ್ಯರೆಲ್ಲ ಮೂವತ್ತರ ಒಳಹೊರಗಿನವರು, ತಲಾ ವರ್ಷಕ್ಕೆ ಸರಾಸರಿ ಒಂದು ವಾರ ಮಲಗುತ್ತಾರೆ ಎಂದುಕೊಂಡರೆ ವಾರಕ್ಕೆ 4 ಡಾಲರಿನಂತೆ 400 ಡಾಲರ್ ಹೋಯಿತು. ಒಂದು ಸಾವು, ಅಂತ್ಯಕ್ರಿಯೆಗೆ 50. ಉಳಿದ 150ರಲ್ಲಿ ಹಾಲ್ ಬಾಡಿಗೆ, ಸೌದೆ-ದೀಪ, ರಾಜ್ಯಮಟ್ಟದ ಗ್ರ್ಯಾಂಡ್ ಲಾಡ್ಜಿಗೆ ಕಟ್ಟಬೇಕಾದ ತಲೆಗಂದಾಯ. ಹೇಗೋ ಸರಿದೂಗುತ್ತದೆ. ಇದೇ ನೂರು ಜನ ಇಪ್ಪತ್ತೈದು ವರ್ಷ ಮುದುಕರಾಗಲಿ, ಹೊಸಬರು ಬಾರದಿರಲಿ. ತಲಾ ಒಂದು ವಾರದ ಕಾಯಿಲೆ ಎರಡೂವರೆ ವಾರಕ್ಕೆ ಏರಿದರೆ 1,000 ಡಾಲರ್ ಬೇಕು. ಬರುವುದು ಅದೇ 600. ಲಾಡ್ಜುಗಳು ಮುಳುಗಿದ್ದು ಮೋಸದಿಂದಲ್ಲ, ಬಹುತೇಕ ಈ ಲೆಕ್ಕದಿಂದ.

ಆದ್ದರಿಂದ ನಿಯಮಗಳು ಬಿಗಿ. ಚಂದಾ ಬಾಕಿ ಒಂದು ಮಿತಿ ದಾಟಿದರೆ ಭತ್ಯೆ ಇಲ್ಲ; ಎಷ್ಟೋ ಉಪನಿಯಮಗಳಲ್ಲಿ ಆ ಮಿತಿ ಹದಿಮೂರು ವಾರ, ಅಂದರೆ ಒಂದು ತ್ರೈಮಾಸಿಕ. ಮಲಗಿದ ಮೇಲೆ ಯಾರದೋ ಕೈಯಲ್ಲಿ ಬಾಕಿ ಕಳಿಸಿದರೆ ಆ ಕಾಯಿಲೆಗೆ ಅದು ಲೆಕ್ಕಕ್ಕಿಲ್ಲ. ಮೊದಲ ವಾರಕ್ಕೆ ಭತ್ಯೆ ಕೊಡದ ಲಾಡ್ಜುಗಳಿದ್ದವು. ಕಾಯಿಲೆ ತಿಂಗಳುಗಟ್ಟಲೆ ಎಳೆದರೆ ಭತ್ಯೆ ಅರ್ಧಕ್ಕಿಳಿಯುತ್ತಿತ್ತು. ಕುಡಿತದಿಂದಲೋ ದುರ್ನಡತೆಯಿಂದಲೋ ಬಂದ ಕಾಯಿಲೆಗೆ ಏನೂ ಇಲ್ಲ.

ನಿಜವಾದ ಕಾವಲು ರೋಗಿಯನ್ನು ನೋಡಲು ಹೋಗುವ ಸಮಿತಿಯದು. ಸುದ್ದಿ ತಿಳಿದ ಕೂಡಲೇ ಯಾರಾದರೂ ಹೋಗಬೇಕು, ಹೋಗದವನಿಗೆ ದಂಡ. ಕಾಯಿಲೆ ಜೋರಾಗಿದ್ದರೆ ರಾತ್ರಿ ಹಾಸಿಗೆ ಪಕ್ಕ ಕೂರಲು ಸರದಿ ಪ್ರಕಾರ ಇಬ್ಬಿಬ್ಬರು. ಇದು ಉಪಚಾರವೂ ಹೌದು, ತಪಾಸಣೆಯೂ ಹೌದು. ಬೆನ್ನುನೋವೆಂದು ಭತ್ಯೆ ಪಡೆಯುವವನು ಹಿತ್ತಿಲಲ್ಲಿ ಸೌದೆ ಒಡೆಯುತ್ತಿದ್ದರೆ ಕಣ್ಣಿಗೆ ಬೀಳುತ್ತದೆ. ಸಾವಿರಾರು ಮೈಲಿ ದೂರದ ಕಂಪನಿಗೆ ಈ ಕಣ್ಣು ಇರಲಿಲ್ಲ. ಸಣ್ಣ ಲಾಡ್ಜು ದೊಡ್ಡ ವಿಮಾ ಕಂಪನಿಗಿಂತ ಅಗ್ಗವಾಗಿ ಕಾಯಿಲೆಗೆ ವಿಮೆ ಕೊಡಲು ಸಾಧ್ಯವಾದದ್ದು ಇದರಿಂದಲೇ. ಊರಿನ ಚೀಟಿ ವ್ಯವಹಾರ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಚೀಟಿ ಎತ್ತಿದವನು ಮುಂದೆಯೂ ಕಟ್ಟುತ್ತಾನೆಂಬ ಭರವಸೆ ಕಾಗದದಲ್ಲಿಲ್ಲ, ಅವನ ಮನೆ ಎಲ್ಲಿದೆ ಎಂದು ಎಲ್ಲರಿಗೂ ಗೊತ್ತಿರುವುದರಲ್ಲಿದೆ.

ಕೆಲಸ ಹುಡುಕಿಕೊಂಡು ಊರು ಬಿಡುವವನಿಗೆ ಲಾಡ್ಜು ಒಂದು ಕಾರ್ಡ್ ಕೊಡುತ್ತಿತ್ತು. ಅಪರಿಚಿತ ಊರಿನಲ್ಲಿ ಇಳಿದು, ಅಲ್ಲಿನ ಲಾಡ್ಜಿನ ಬಾಗಿಲು ತಟ್ಟಿ, ಆ ಅವಧಿಯ ಗುಪ್ತಪದ ಹೇಳಿ, ಕಾರ್ಡ್ ತೋರಿಸಿದರೆ ಅವನು ಅಪರಿಚಿತನಲ್ಲ. ಅಲ್ಲಿ ಕಾಯಿಲೆ ಬಿದ್ದರೆ ಆ ಊರಿನವರು ನೋಡಿಕೊಂಡು ಖರ್ಚನ್ನು ಅವನ ಮೂಲ ಲಾಡ್ಜಿನಿಂದ ವಸೂಲು ಮಾಡುತ್ತಿದ್ದರು. ಗುಪ್ತಪದವನ್ನು ನಿಯತವಾಗಿ ಬದಲಿಸುತ್ತಿದ್ದುದಕ್ಕೆ ಕಾರಣವೂ ಇಲ್ಲಿದೆ. ಚಂದಾ ಕಟ್ಟಿದವನಿಗಷ್ಟೇ ಹೊಸ ಪದ ಸಿಗುತ್ತಿತ್ತು. ಬಾಯಲ್ಲಿ ಹೇಳುವ ರಸೀದಿ ಅದು.

ಒಂದು ಡಾಲರಿನ ವಿಮೆ ಮತ್ತು ಅದರ ಬಿರುಕು

ಕಾಯಿಲೆಯ ಭತ್ಯೆ ಊರಿನ ಮಟ್ಟದಲ್ಲಿ ನಡೆಯುವ ವ್ಯವಹಾರ. ಸಾವಿಗೆ ದೊಡ್ಡ ಮೊತ್ತ ಬೇಕು, ಅದಕ್ಕೆ ದೊಡ್ಡ ಗುಂಪು ಬೇಕು. 1868ರಲ್ಲಿ ಪೆನ್ಸಿಲ್ವೇನಿಯಾದ ಮೀಡ್‌ವಿಲ್ ಊರಿನಲ್ಲಿ ಜಾನ್ ಜೋರ್ಡನ್ ಅಪ್‌ಚರ್ಚ್ ಎಂಬ ರೈಲ್ವೆ ಮೆಕ್ಯಾನಿಕ್ 'ಏನ್ಷಿಯೆಂಟ್ ಆರ್ಡರ್ ಆಫ್ ಯುನೈಟೆಡ್ ವರ್ಕ್‌ಮೆನ್' ಸ್ಥಾಪಿಸಿದ. ಅವನ ಸೂತ್ರ ಮಗುವಿಗೂ ಅರ್ಥವಾಗುವಂಥದ್ದು: ಒಬ್ಬ ಸದಸ್ಯ ಸತ್ತರೆ ಉಳಿದವರೆಲ್ಲ ತಲಾ ಒಂದು ಡಾಲರ್ ಹಾಕುವುದು, ಕೂಡಿದ್ದನ್ನು ವಿಧವೆಗೆ ಕೊಡುವುದು. ಮದುವೆ ಮನೆಯ ಮುಯ್ಯಿ ಇದ್ದಂತೆ, ಸಾವಿನ ಮನೆಗೆ. ಮುಂಗಡ ನಿಧಿ ಬೇಡ, ಬಂಡವಾಳ ಬೇಡ, ಗಣಿತಜ್ಞ ಬೇಡ. ನೋಡನೋಡುತ್ತ ಹತ್ತಾರು ಸಂಘಗಳು ಇದೇ ಪದ್ಧತಿ ಹಿಡಿದವು.

ಬಿರುಕು ಎಲ್ಲಿದೆ ಎಂದು ನೋಡಲು ಆ ಕಾಲದ ವಿಮಾ ಕಂಪನಿಗಳು ಬಳಸುತ್ತಿದ್ದ ಮರಣ ಕೋಷ್ಟಕವೇ ಸಾಕು. ಅದರ ಪ್ರಕಾರ ಮೂವತ್ತು ವಯಸ್ಸಿನ ಸಾವಿರ ಜನರಲ್ಲಿ ಒಂದು ವರ್ಷಕ್ಕೆ 8.43 ಜನ ಸಾಯುತ್ತಾರೆ. ಐವತ್ತರಲ್ಲಿ 13.78, ಅರವತ್ತರಲ್ಲಿ 26.69, ಎಪ್ಪತ್ತರಲ್ಲಿ 61.99. ಸಾವಿರ ಸದಸ್ಯರು, ಸಾವಿಗೆ ಸಾವಿರ ಡಾಲರ್ ಎಂದರೆ ಮೂವತ್ತರ ಗುಂಪಿನವರು ವರ್ಷಕ್ಕೆ ತಲಾ 8-9 ಡಾಲರ್ ಕೊಟ್ಟರೆ ಆಯಿತು. ಅದೇ ಗುಂಪು ಅರವತ್ತಕ್ಕೆ ಬಂದಾಗ 27, ಎಪ್ಪತ್ತಕ್ಕೆ 62. ಇಪ್ಪತ್ತೈದರವನೂ ಐವತ್ತೈದರವನೂ ಒಂದೇ ಡಾಲರ್ ಕೊಡುವ ಪದ್ಧತಿಯಲ್ಲಿ ಚಿಕ್ಕವನು ಮುದುಕನ ಭಾರ ಹೊರುತ್ತಾನೆ. 'ಒಂದು ಡಾಲರ್ ಕಟ್ಟಿ' ಎಂದು ವರ್ಷಕ್ಕೆ ಎಂಟು ಸಲ ಬರುತ್ತಿದ್ದ ಕರೆ ಹದಿನೈದು, ಇಪ್ಪತ್ತು ಸಲ ಬರತೊಡಗಿದಾಗ ಅವನು ಬಿಟ್ಟು, ಪಕ್ಕದ ಬೀದಿಯಲ್ಲಿ ಹೊಸದಾಗಿ ಶುರುವಾದ, ಎಲ್ಲರೂ ಯುವಕರೇ ಆಗಿರುವ ಸಂಘಕ್ಕೆ ಸೇರುತ್ತಾನೆ. ಹಳೆಯದರಲ್ಲಿ ಮುದುಕರೇ ಉಳಿಯುತ್ತಾರೆ, ದರ ಇನ್ನೂ ಏರುತ್ತದೆ, ಮತ್ತಷ್ಟು ಜನ ಬಿಡುತ್ತಾರೆ. 'ಹೊಸ ರಕ್ತ ಬರುತ್ತಿದ್ದರೆ ಸರಾಸರಿ ವಯಸ್ಸು ಏರುವುದಿಲ್ಲ' ಎಂದು ಸಂಘಗಳ ನಾಯಕರು ಸಮಾಧಾನ ಹೇಳುತ್ತಿದ್ದರು. ಒಂದು ಕೊಡ ನೀರು ಸೋರುವಾಗ ಒಂದು ಕೊಡ ಸುರಿದರೆ ತೊಟ್ಟಿ ತುಂಬಿಯೇ ಇರುತ್ತದೆ, ನಿಜ. ಆದರೆ ಸುರಿಯುವ ಕೊಡಗಳ ಸಂಖ್ಯೆ ಪ್ರತಿ ವರ್ಷ ಏರುತ್ತಲೇ ಹೋಗಬೇಕು.

ಸಾಂಕ್ರಾಮಿಕ ಬಂದರಂತೂ ಕಾಯುವ ಮಾತೇ ಇಲ್ಲ. 1878ರಲ್ಲಿ ಹಳದಿ ಜ್ವರ ಮೆಂಫಿಸ್ ನಗರವೊಂದರಲ್ಲೇ ಸುಮಾರು 5,000 ಜನರನ್ನು ಬಲಿ ತೆಗೆದುಕೊಂಡಾಗ ದಕ್ಷಿಣದಲ್ಲಿ ಸದಸ್ಯರಿದ್ದ ವಿಮಾ ಲಾಡ್ಜುಗಳು ಒಂದರ ಹಿಂದೊಂದು ಕರೆ ಕಳಿಸಬೇಕಾಯಿತು. ಐದು ವರ್ಷಗಳ ನಂತರ ಜೋಸೆಫ್ ಕಲನ್ ರೂಟ್ ಅಯೋವಾದಲ್ಲಿ 'ಮಾಡರ್ನ್ ವುಡ್‌ಮೆನ್ ಆಫ್ ಅಮೆರಿಕ' ಕಟ್ಟಿದಾಗ ಆರೋಗ್ಯಕರವೆನಿಸಿದ ಮಧ್ಯಪಶ್ಚಿಮ ರಾಜ್ಯಗಳಿಗೇ ಅದನ್ನು ಸೀಮಿತಗೊಳಿಸಿ, ದೊಡ್ಡ ನಗರಗಳನ್ನು ದೂರವಿಟ್ಟ. ಸೇರಿಸಿಕೊಳ್ಳದ ಕಸುಬುಗಳ ಪಟ್ಟಿ ಓದಲು ಮಜವಾಗಿದೆ: ಗಣಿ ಕಾರ್ಮಿಕರು, ಸಿಡಿಮದ್ದಿನ ಕಾರ್ಖಾನೆಯವರು, ಬಲೂನ್ ಹಾರಿಸುವವರು, ವೃತ್ತಿಪರ ಬೇಸ್‌ಬಾಲ್ ಆಟಗಾರರು. ಗಣಿಯವನಿಗೇ ವಿಮೆ ಹೆಚ್ಚು ಬೇಕು, ಅವನಿಗೇ ಬಾಗಿಲು ಮುಚ್ಚಿದೆ.

ಇಪ್ಪತ್ತನೇ ಶತಮಾನದ ಮೊದಲ ಎರಡು ದಶಕಗಳು ಈ ಗಾಯಕ್ಕೆ ಹೊಲಿಗೆ ಹಾಕುವುದರಲ್ಲೇ ಕಳೆದವು. ಸಂಘಗಳ ಒಕ್ಕೂಟವಾದ ನ್ಯಾಷನಲ್ ಫ್ರಟರ್ನಲ್ ಕಾಂಗ್ರೆಸ್ 1898ರಲ್ಲಿ ತನ್ನದೇ ಮರಣ ಕೋಷ್ಟಕ ತಂದಿತ್ತು. ಅದನ್ನು ಹಿಡಿದು ದರ ಏರಿಸಲು ಹೋದವರಿಗೆ ಹಳೇ ಸದಸ್ಯರ ಕೋಪ ಎದುರಾಯಿತು. ರಾಯಲ್ ಆರ್ಕೇನಮ್ ಎಂಬ ಸಂಘ 1905ರಲ್ಲಿ ದರ ಏರಿಸಿದಾಗ, 'ಇಷ್ಟು ವರ್ಷ ಕಟ್ಟಿದ ಮೇಲೆ ಈ ವಯಸ್ಸಿನಲ್ಲಿ ಹೊಸ ದರವೇ' ಎಂಬ ಜಗಳ ನ್ಯಾಯಾಲಯ ಹತ್ತಿ, 1915ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಸಂಘದ ಪರವಾಗಿ ಮುಗಿಯಿತು. 1910ರಲ್ಲಿ ಅಲಬಾಮಾದ ಮೊಬೀಲ್ ನಗರದಲ್ಲಿ ವಿಮಾ ಆಯುಕ್ತರೂ ಸಂಘಗಳೂ ಒಪ್ಪಿದ ಮಾದರಿ ಕಾನೂನು, ಹೊಣೆಗೆ ತಕ್ಕ ನಿಧಿ ಇದೆಯೇ ಎಂದು ಕಾಲಕಾಲಕ್ಕೆ ತೋರಿಸಲು ಸಂಘಗಳನ್ನು ಕಟ್ಟಿಹಾಕಿತು. ಉಳಿದುಕೊಂಡವು ಮೆಲ್ಲಗೆ ವಿಮಾ ಕಂಪನಿಗಳಂತೆಯೇ ಆದವು.

ತಲೆಗೊಂದು ಡಾಲರಿನ ಡಾಕ್ಟರು

ಲಾಡ್ಜ್ ಡಾಕ್ಟರ್ ಎಂಬ ಏರ್ಪಾಡು ಇಂದು ಬಹುತೇಕ ಮರೆತುಹೋಗಿದೆ. ಊರಿನ ಒಬ್ಬ ವೈದ್ಯನನ್ನು ವರ್ಷದ ಮಟ್ಟಿಗೆ ಗೊತ್ತುಮಾಡಿ, ಸದಸ್ಯನೊಬ್ಬನಿಗೆ ವರ್ಷಕ್ಕೆ 1ರಿಂದ 2 ಡಾಲರಿನಂತೆ ಲಾಡ್ಜೇ ಕೊಡುತ್ತಿತ್ತು. ಹೊರಗಿನವನು ವೈದ್ಯರನ್ನು ಒಂದೇ ಸಲ ಮನೆಗೆ ಕರೆಸಿದರೂ ಸುಮಾರು ಅಷ್ಟೇ ಖರ್ಚಾಗುತ್ತಿತ್ತು. ಈಗಲ್ಸ್, ಮೂಸ್ ಮತ್ತು ನ್ಯೂಯಾರ್ಕಿನ ವಲಸಿಗ ಯೆಹೂದಿ ಸಂಘಗಳಲ್ಲಿ ಇದು ಜೋರಾಗಿತ್ತು. ವೈದ್ಯನನ್ನು ಆರಿಸುತ್ತಿದ್ದುದು ಸದಸ್ಯರ ಮತ. ಕೂಲಿಯವನೂ ದರ್ಜಿಯೂ ಸೇರಿ ಡಾಕ್ಟರನ್ನು ಕೆಲಸಕ್ಕಿಟ್ಟುಕೊಳ್ಳುವುದು, ಸರಿಯಿಲ್ಲದಿದ್ದರೆ ಮುಂದಿನ ವರ್ಷ ಬದಲಿಸುವುದು!

ವೈದ್ಯ ಸಂಘಗಳಿಗೆ ಇದು ಸಹಿಸಲಾಗದ ಅವಮಾನ. ಇಷ್ಟು ಕಡಿಮೆ ದುಡ್ಡಿಗೆ ನೂರಾರು ಮನೆ ನೋಡುವವನು ಸರಿಯಾಗಿ ನೋಡುತ್ತಾನೆಯೇ ಎಂಬ ಅವರ ಆಕ್ಷೇಪದಲ್ಲಿ ಹುರುಳಿಲ್ಲದಿರಲಿಲ್ಲ. ದರ ಕುಸಿಯುತ್ತದೆಂಬ ಭಯವೂ ಅಷ್ಟೇ ಇತ್ತು. ಲಾಡ್ಜಿನ ಕೆಲಸ ಹಿಡಿದವರಿಗೆ ಎಷ್ಟೋ ಜಿಲ್ಲಾ ವೈದ್ಯ ಸಂಘಗಳು ಸದಸ್ಯತ್ವ ನಿರಾಕರಿಸಿದವು. ವೈದ್ಯಕೀಯ ಕಾಲೇಜುಗಳ ಮಟ್ಟವನ್ನು ಪರಿಶೀಲಿಸಿದ 1910ರ ಫ್ಲೆಕ್ಸ್‌ನರ್ ವರದಿಯ ಆಚೀಚೆ ಕಳಪೆ ವೈದ್ಯಕೀಯ ಕಾಲೇಜುಗಳು ಮುಚ್ಚಿಕೊಂಡು ವೈದ್ಯರ ಸಂಖ್ಯೆ ಬಿಗಿಯಾಯಿತು. ಹೊಟ್ಟೆಪಾಡಿಗೆ ಲಾಡ್ಜಿನ ಬಾಗಿಲಿಗೆ ಬರುತ್ತಿದ್ದ ಯುವ ವೈದ್ಯರು ಇಲ್ಲವಾದಂತೆ ಈ ಪದ್ಧತಿಯೂ ಸೊರಗಿತು.

ಸಭೆ ನಡೆಸುವ ಕಲೆ

ಲಾಡ್ಜಿನ ಸಭೆಗೆ ಕಟ್ಟುನಿಟ್ಟಿನ ಕ್ರಮವಿತ್ತು. ಬಾಗಿಲು ಭದ್ರ, ಗುಪ್ತಪದ ಪರೀಕ್ಷೆ, ಅಧಿಕಾರಿಗಳ ಹಾಜರಿ, ಹಿಂದಿನ ನಡವಳಿ ಓದುವುದು, ರೋಗಿಗಳ ವರದಿ, ಬಿಲ್ಲುಗಳು, ಹೊಸ ಅರ್ಜಿಗಳು, ಹಳೇ ವಿಷಯ, ಹೊಸ ವಿಷಯ, ಆ ದಿನದ ಜಮಾ-ಖರ್ಚು. ಆಡ್ ಫೆಲೋಸ್‌ನಲ್ಲಿ ಅಧ್ಯಕ್ಷನಿಗೆ 'ನೋಬಲ್ ಗ್ರ್ಯಾಂಡ್' ಎಂಬ ಬಿರುದು. ಆ ಕಾಲದಲ್ಲಿ ಅವಧಿ ಬರೀ ಆರು ತಿಂಗಳು, ಹಾಗಾಗಿ ಹತ್ತು ವರ್ಷ ನಿಯಮಿತವಾಗಿ ಬಂದ ಸಾಧಾರಣ ಬಡಗಿಯೂ ಒಂದಲ್ಲ ಒಂದು ಹುದ್ದೆ ಹಿಡಿಯುವುದು ಸಾಮಾನ್ಯ. ಗೊತ್ತುವಳಿ ಮಂಡಿಸುವುದು, ತಿದ್ದುಪಡಿ ಸೂಚಿಸುವುದು, ಸೋತ ಮೇಲೂ ಕುರ್ಚಿ ಎತ್ತಿ ಎಸೆಯದೆ ಕೂರುವುದು, ನೂರಾರು ಜನರ ದುಡ್ಡಿಗೆ ಲೆಕ್ಕ ಒಪ್ಪಿಸುವುದು ಇವನ್ನೆಲ್ಲ ಶಾಲೆ ಬಿಟ್ಟ ಹುಡುಗರು ಕಲಿತದ್ದು ಇಲ್ಲಿ. ಖಜಾಂಚಿ ಜಾಮೀನು ಪತ್ರ ಕೊಡಬೇಕಿತ್ತು. ಲೆಕ್ಕಪರಿಶೋಧನಾ ಸಮಿತಿ ಬೇರೆಯಿತ್ತು. ಆದರೂ ಖಜಾಂಚಿ ಓಡಿಹೋದ ಪ್ರಸಂಗಗಳು ಇಲ್ಲದಿಲ್ಲ.

ಊರಿನ ಲಾಡ್ಜು, ರಾಜ್ಯದ ಗ್ರ್ಯಾಂಡ್ ಲಾಡ್ಜು, ಅದರ ಮೇಲೆ ರಾಷ್ಟ್ರಮಟ್ಟದ ಸಭೆ ಎಂಬ ಮೂರು ಮಜಲಿನ ರಚನೆ ಅಮೆರಿಕದ ಸರಕಾರದ ಪಡಿಯಚ್ಚು. ಒಳಗೆ ರಾಜಕೀಯ, ಧರ್ಮದ ಚರ್ಚೆ ಸಾಮಾನ್ಯವಾಗಿ ನಿಷಿದ್ಧ. ಹಾಗೆಂದು ರಾಜಕಾರಣಿಗಳು ದೂರ ಉಳಿದರೇ? ಥಿಯೊಡೋರ್ ರೂಸ್‌ವೆಲ್ಟ್ 1901ರಲ್ಲಿ ಮೇಸನ್ ಆದರು. ಅಧ್ಯಕ್ಷ ವಾರೆನ್ ಹಾರ್ಡಿಂಗ್ ಒಂದಲ್ಲ, ಹಲವು ಸಂಘಗಳ ಸದಸ್ಯ. ಮತ ಕೇಳುವಂತಿರಲಿಲ್ಲ, ಕೈ ಕುಲುಕಬಹುದಿತ್ತು.

ಊರಿಗೆ ಇವರಿಂದ ಸಿಕ್ಕ ಆಸ್ತಿಯೂ ಕಡಿಮೆಯೇನಲ್ಲ. ಮುಖ್ಯ ಬೀದಿಯಲ್ಲಿ ಎರಡು ಮೂರು ಅಂತಸ್ತಿನ ಇಟ್ಟಿಗೆ ಕಟ್ಟಡ ಕಟ್ಟಿ, ನೆಲಮಾಳಿಗೆಯನ್ನೂ ಬೀದಿಮಟ್ಟವನ್ನೂ ಅಂಗಡಿಗೆ ಬಾಡಿಗೆ ಕೊಟ್ಟು, ಮೇಲಂತಸ್ತನ್ನು ತಾವು ಇಟ್ಟುಕೊಳ್ಳುವುದು ರೂಢಿ. ಬಾಡಿಗೆಯೇ ಸಾಲ ತೀರಿಸುತ್ತಿತ್ತು. ಮದುವೆ, ನೃತ್ಯ, ನಾಟಕ, ಕಾರ್ಮಿಕ ಸಂಘದ ಸಭೆ ಎಲ್ಲಕ್ಕೂ ಅದೇ ಹಾಲ್. ಆಡ್ ಫೆಲೋಸ್‌ನವರ ಸ್ವಂತ ಸ್ಮಶಾನಗಳು, ಅನಾಥಾಲಯಗಳು, ವೃದ್ಧಾಶ್ರಮಗಳು ರಾಜ್ಯ ರಾಜ್ಯಗಳಲ್ಲಿದ್ದವು. ಮಾಡರ್ನ್ ವುಡ್‌ಮೆನ್ 1909ರಲ್ಲಿ ಕೊಲರಾಡೊದಲ್ಲಿ ಕ್ಷಯರೋಗಿ ಸದಸ್ಯರಿಗೆಂದು ಸ್ಯಾನಟೋರಿಯಂ ತೆರೆಯಿತು. ಮೂಸ್ ಸಂಘ 1913ರಲ್ಲಿ ಇಲಿನಾಯ್ಸ್‌ನಲ್ಲಿ ಸತ್ತ ಸದಸ್ಯರ ಮಕ್ಕಳಿಗಾಗಿ 'ಮೂಸ್‌ಹಾರ್ಟ್' ಎಂಬ ಊರನ್ನೇ ಕಟ್ಟಿತು. ಅದರ ಹಿಂದಿದ್ದ ಜೇಮ್ಸ್ ಡೇವಿಸ್, ಬಾಲ್ಯದಲ್ಲೇ ಕಬ್ಬಿಣದ ಕುಲುಮೆಯಲ್ಲಿ ದುಡಿದವ, 1921ರಲ್ಲಿ ಕೇಂದ್ರದ ಕಾರ್ಮಿಕ ಮಂತ್ರಿಯಾದ. ಈಗಲ್ಸ್ ಸಂಘವಂತೂ ವೃದ್ಧಾಪ್ಯ ಪಿಂಚಣಿಯನ್ನು ಸರಕಾರವೇ ಕೊಡಬೇಕೆಂದು 1920ರ ದಶಕದಲ್ಲಿ ರಾಜ್ಯ ರಾಜ್ಯ ಅಲೆಯಿತು.

ಮತ್ತು ಶವಯಾತ್ರೆ. ನಮ್ಮಲ್ಲಿ 'ಹೆಗಲು ಕೊಡಲು ನಾಲ್ಕು ಜನ' ಎನ್ನುತ್ತೇವಲ್ಲ, ಆ ನಾಲ್ವರನ್ನು ಖಾತ್ರಿಪಡಿಸಿಕೊಳ್ಳುವುದೇ ಎಷ್ಟೋ ವಲಸಿಗರು ಲಾಡ್ಜು ಸೇರಲು ಕಾರಣ. ಯಾರೂ ಇಲ್ಲದ ಕೂಲಿಯವನಿಗೂ ಕೊರಳಪಟ್ಟಿ ಧರಿಸಿದ ನೂರು ಜನ ಸಾಲಾಗಿ ನಡೆದು ಬರುತ್ತಿದ್ದರು.

ಬಾಗಿಲ ಹೊರಗಿನವರು

'ಬ್ರದರ್' ಎಂಬ ಪದಕ್ಕೆ ಗಡಿ ಇತ್ತು. ದೊಡ್ಡ ಸಂಘಗಳ ಬಹುಪಾಲು ನಿಯಮಾವಳಿಗಳಲ್ಲಿ 'ಬಿಳಿಯ ಗಂಡಸು' ಎಂದೇ ಬರೆದಿತ್ತು. ಕಪ್ಪು ಜನ ಸುಮ್ಮನೆ ಕೂರಲಿಲ್ಲ, ಸಮಾನಾಂತರವಾಗಿ ಕಟ್ಟಿದರು. ಬಾಸ್ಟನ್ನಿನ ಪ್ರಿನ್ಸ್ ಹಾಲ್ 1784ರಲ್ಲೇ ನೇರವಾಗಿ ಇಂಗ್ಲೆಂಡಿನಿಂದ ಮೇಸನ್ ಲಾಡ್ಜಿಗೆ ಸನ್ನದು ಪಡೆದಿದ್ದರು. 1843ರಲ್ಲಿ ಪೀಟರ್ ಆಗ್ಡನ್ ಎಂಬ ಹಡಗಿನ ನೌಕರ ಅದೇ ದಾರಿ ಹಿಡಿದು, ಅಮೆರಿಕದ ಬಿಳಿಯರನ್ನು ಕೇಳದೆ ಇಂಗ್ಲೆಂಡಿನಿಂದ ಆಡ್ ಫೆಲೋಸ್ ಸನ್ನದು ತಂದ. ಬಿಳಿಯರ ವಿಮಾ ಕಂಪನಿಗಳು ಕಪ್ಪು ಜನರನ್ನು ನಿರಾಕರಿಸುತ್ತಿದ್ದ ಅಥವಾ ಹೆಚ್ಚು ದರ ಕೇಳುತ್ತಿದ್ದ ಕಾಲದಲ್ಲಿ ಈ ಲಾಡ್ಜುಗಳಿಗೆ ಇದ್ದ ತೂಕ ಬಿಳಿಯರ ಲಾಡ್ಜುಗಳಿಗಿಂತ ಹೆಚ್ಚು.

ಲಾಡ್ಜಿನಿಂದ ಏನು ಸಾಧ್ಯವೆಂದು ನೋಡಬೇಕಾದರೆ ವರ್ಜೀನಿಯಾದ ರಿಚ್ಮಂಡ್‌ಗೆ ಹೋಗಬೇಕು. ಗುಲಾಮಳಾಗಿ ಹುಟ್ಟಿದ ತಾಯಿಯ, ಬಟ್ಟೆ ಒಗೆದು ಬದುಕಿದ ಮನೆಯ ಮಗಳು ಮ್ಯಾಗಿ ಲೀನಾ ವಾಕರ್ 1899ರಲ್ಲಿ ಇಂಡಿಪೆಂಡೆಂಟ್ ಆರ್ಡರ್ ಆಫ್ ಸೇಂಟ್ ಲ್ಯೂಕ್ ಸಂಘದ ಮುಖ್ಯ ಕಾರ್ಯದರ್ಶಿಯಾದಾಗ ಖಜಾನೆಯಲ್ಲಿದ್ದದ್ದು 31 ಡಾಲರ್ 61 ಸೆಂಟ್. ಆಕೆ ಮೊದಲು ಪತ್ರಿಕೆ ತಂದರು, 1903ರಲ್ಲಿ ಸೇಂಟ್ ಲ್ಯೂಕ್ ಪೆನ್ನಿ ಸೇವಿಂಗ್ಸ್ ಬ್ಯಾಂಕ್ ತೆರೆದರು. ಸದಸ್ಯರ ಸೆಂಟುಗಳು ಬಿಳಿಯರ ಬ್ಯಾಂಕಿಗೆ ಹೋಗಿ ಬಿಳಿಯರಿಗೇ ಸಾಲವಾಗುವ ಬದಲು ಕಪ್ಪು ಕುಟುಂಬಗಳ ಮನೆ ಸಾಲವಾಗಲಿ ಎಂಬುದು ಲೆಕ್ಕ. 1920ರ ದಶಕದ ಹೊತ್ತಿಗೆ ಸಂಘದ ಸದಸ್ಯತ್ವ ಒಂದು ಲಕ್ಷದ ಹತ್ತಿರ. ಅಮೆರಿಕದಲ್ಲಿ ಬ್ಯಾಂಕ್ ಸ್ಥಾಪಿಸಿ ಅದರ ಅಧ್ಯಕ್ಷೆಯಾದ ಮೊದಲ ಕಪ್ಪು ಮಹಿಳೆ ಅವರು.

ಬಿಳಿಯ ಹೆಂಗಸರಿಗೆ ಮೊದಲು ಸಿಕ್ಕದ್ದು ಗಂಡಂದಿರ ನೆರಳಿನ ಶಾಖೆಗಳು. ಆಡ್ ಫೆಲೋಸ್ 1851ರಲ್ಲಿ ಒಪ್ಪಿದ ರೆಬೆಕಾ ಪದವಿ ಅಂಥದ್ದು. 1892ರಲ್ಲಿ ಮಿಷಿಗನ್ನಿನ ಶಾಲಾ ಶಿಕ್ಷಕಿ ಬೀನಾ ವೆಸ್ಟ್ 'ಲೇಡೀಸ್ ಆಫ್ ದ ಮ್ಯಾಕಬೀಸ್' ಸಂಘಟಿಸಿ ಹೆಂಗಸರ ಜೀವಕ್ಕೆ ಹೆಂಗಸರೇ ವಿಮೆ ನಡೆಸಿ ತೋರಿಸಿದರು. ಮೇಸನ್ನರನ್ನು ಚರ್ಚ್ ನಿಷೇಧಿಸಿದ್ದರಿಂದ ಕ್ಯಾಥೊಲಿಕರಿಗೆ 1882ರಲ್ಲಿ ನೈಟ್ಸ್ ಆಫ್ ಕೊಲಂಬಸ್ ಹುಟ್ಟಿತು. ಅಚ್ಚು ಒಂದೇ, ಎರಕ ಹೊಯ್ದವರು ಬೇರೆ ಬೇರೆ. ಆ ಅಚ್ಚು ಕೆಟ್ಟ ಕೈಗೂ ಸಿಕ್ಕಿತು: ಬಿಳಿಯರ ಜನಾಂಗದ್ವೇಷಿ ಗುಪ್ತಸಂಘವಾದ ಕು ಕ್ಲಕ್ಸ್ ಕ್ಲಾನ್ ಅನ್ನು 1915ರಲ್ಲಿ ಮತ್ತೆ ಎಬ್ಬಿಸಿದ ವಿಲಿಯಂ ಸಿಮನ್ಸ್, ಲಾಡ್ಜುಗಳಿಗೆ ಸದಸ್ಯರನ್ನು ಸೇರಿಸುವ ಕಸುಬಿನವನು. ಪ್ರವೇಶ ಶುಲ್ಕ, ಬಿರುದು, ಮೇಲಂಗಿ, ದಲ್ಲಾಳಿ ಕಮಿಷನ್ ಎಲ್ಲವೂ ಅಲ್ಲಿಂದಲೇ ಬಂದವು.

ಆಡು, ಅಸ್ಥಿಪಂಜರ

ದೀಕ್ಷೆಯ ಬಗ್ಗೆ ಎರಡು ಮಾತು. ಆಡ್ ಫೆಲೋಸ್ ದೀಕ್ಷೆಯಲ್ಲಿ ಹೊಸಬನಿಗೆ ಸಾವನ್ನು ನೆನಪಿಸಲು ಅಸ್ಥಿಪಂಜರ ತೋರಿಸುತ್ತಿದ್ದರು. ಹಳೇ ಕಟ್ಟಡ ಕೊಂಡವರು ಗೋಡೆ ಒಡೆದಾಗ ಪೆಟ್ಟಿಗೆಯಲ್ಲಿ ಎಲುಬುಗಳು ಸಿಕ್ಕಿ ಪೊಲೀಸರನ್ನು ಕರೆಸುವುದು ಅಮೆರಿಕದಲ್ಲಿ ಈಗಲೂ ಆಗಾಗ ಆಗುವ ಸುದ್ದಿ. ಇಲಿನಾಯ್ಸ್‌ನ ಗ್ರೀನ್‌ವಿಲ್ ಊರಿನ ಡಿಮೌಲಿನ್ ಬ್ರದರ್ಸ್ ಕಂಪನಿ ಹೊಸಬನನ್ನು ಕೂರಿಸಿ ಕುಣಿಸುವ ಚಕ್ರದ ಆಡು, ಹಿಂದಿನಿಂದ ಬಡಿಯುವ ಯಂತ್ರಗಳನ್ನು ಕ್ಯಾಟಲಾಗ್ ಹಾಕಿ ಮಾರುತ್ತಿತ್ತು. ಹುಡುಗಾಟ ಅನ್ನಿಸಿದರೂ ಕಣ್ಣುಪಟ್ಟಿ ಕಟ್ಟಿಸಿಕೊಂಡು ನಗೆಪಾಟಲಾದವನು, ಅದನ್ನು ನೋಡಿದ ಐವತ್ತು ಜನರ ಎದುರಿಗೆ ನಾಳೆ ಸುಳ್ಳು ಬೆನ್ನುನೋವು ಹೇಳಲು ಹಿಂಜರಿಯುತ್ತಾನೆ.

ಬೆಳಕು ಆರಿದ್ದು

ಇಳಿತಕ್ಕೆ ಒಂದೇ ಕಾರಣ ಹುಡುಕಬಾರದು. 1911ರಿಂದ ರಾಜ್ಯಗಳು ಅಪಘಾತ ಪರಿಹಾರ ಕಾನೂನು ತಂದವು. ಅದೇ ಹೊತ್ತಿಗೆ ಕಾರ್ಖಾನೆಗಳು ಗುಂಪು ವಿಮೆ ಕೊಡತೊಡಗಿದವು. ಆಡ್ ಫೆಲೋಸ್ ಹಾಲಿನಲ್ಲಿ ಮಂಗಳವಾರ ರಾತ್ರಿ ಕೂರುತ್ತಿದ್ದವನಿಗೆ ಈಗ ಕಾರು, ರೇಡಿಯೊ, ಸಿನಿಮಾ ಇದ್ದವು. ವ್ಯಾಪಾರಿಗಳು, ವಕೀಲರು 1905ರಲ್ಲಿ ಹುಟ್ಟಿದ ರೋಟರಿ, 1917ರ ಲಯನ್ಸ್ ಕಡೆ ಸರಿದರು: ಗುಪ್ತಪದವಿಲ್ಲ, ಮೇಲಂಗಿಯಿಲ್ಲ, ಒಂದು ಮಧ್ಯಾಹ್ನದ ಊಟ. ನಮ್ಮ ತಾಲ್ಲೂಕು ಕೇಂದ್ರಗಳವರೆಗೂ ಬಂದದ್ದು ಈ ಎರಡನೇ ಪೀಳಿಗೆಯ ಕ್ಲಬ್ಬುಗಳು. ಅವುಗಳಲ್ಲಿ ಬಡಗಿ, ಕಮ್ಮಾರರು ಇರಲಿಲ್ಲ, ಕಾಯಿಲೆಯ ಭತ್ಯೆಯೂ ಇರಲಿಲ್ಲ. ಸೇವೆ ಎಂದರೆ ಹೊರಗಿನವರಿಗೆ ಮಾಡುವುದು ಎಂದಾಯಿತು. 1929ರ ನಂತರದ ಮಹಾಕುಸಿತದಲ್ಲಿ ಕೆಲಸವಿಲ್ಲದ ಸದಸ್ಯರು ಚಂದಾ ನಿಲ್ಲಿಸಿದರು, ಅಂಗಡಿಗಳು ಬಾಡಿಗೆ ನಿಲ್ಲಿಸಿದವು, ಸಾಲದ ಮೇಲೆ ಕಟ್ಟಿದ ಹಾಲುಗಳು ಹರಾಜಿಗೆ ಬಂದವು. ಎಲ್ಲರೂ ಒಟ್ಟಿಗೆ ಮುಳುಗುವಾಗ ಒಬ್ಬರಿಗೊಬ್ಬರು ಕೊಡುವ ವಿಮೆ ಕೆಲಸ ಮಾಡುವುದಿಲ್ಲ. 1935ರ ಸಾಮಾಜಿಕ ಭದ್ರತಾ ಕಾಯ್ದೆ ಬರುವ ಹೊತ್ತಿಗೆ ಎಷ್ಟೋ ಲಾಡ್ಜುಗಳು ಕಾಯಿಲೆಯ ಭತ್ಯೆಯನ್ನು ಆಗಲೇ ಕೈಬಿಟ್ಟಿದ್ದವು.

ಕುರುಹುಗಳು ಉಳಿದಿವೆ, ಓದಲು ಗೊತ್ತಿರಬೇಕು ಅಷ್ಟೆ. ಅಮೆರಿಕದ ಯಾವುದೇ ಸಣ್ಣ ಊರಿನ ಮುಖ್ಯ ಬೀದಿಯಲ್ಲಿ ತಲೆಯೆತ್ತಿ ನೋಡಿದರೆ ಚಾವಣಿಯಂಚಿನಲ್ಲಿ ಕೆತ್ತಿದ 'ಐ.ಓ.ಓ.ಎಫ್.' (ಇಂಡಿಪೆಂಡೆಂಟ್ ಆರ್ಡರ್ ಆಫ್ ಆಡ್ ಫೆಲೋಸ್) ಅಕ್ಷರಗಳು, ಮೂರು ಕೊಂಡಿಗಳು ಕಾಣಬಹುದು. ಒಳಗೆ ಮೇಲಿನ ಅಂತಸ್ತಿನ ಬಾಗಿಲಲ್ಲಿ ಇಣುಕುಗಿಂಡಿ, ಹಾಲಿನ ಎರಡು ತುದಿಯಲ್ಲಿ ಎದುರುಬದುರಾಗಿ ಎತ್ತರದ ಕಟ್ಟೆಗಳು. ಸ್ಮಶಾನದಲ್ಲಿ ಕತ್ತರಿಸಿದ ಮರದ ಬೊಡ್ಡೆಯಂತೆ ಕಡೆದ ಕಲ್ಲುಗಳಿದ್ದರೆ ಹಲವು 1890ರಲ್ಲಿ ಒಮಾಹಾದಲ್ಲಿ ಶುರುವಾದ ವುಡ್‌ಮೆನ್ ಆಫ್ ದ ವರ್ಲ್ಡ್ ಸದಸ್ಯರವು. ಆ ಸಂಘದ ಆರಂಭದ ವರ್ಷಗಳಲ್ಲಿ ಸಮಾಧಿ ಕಲ್ಲಿನ ಖರ್ಚು ವಿಮೆಯಲ್ಲೇ ಸೇರಿತ್ತು. ಕಲ್ಲಿನ ಮೇಲೆ ಲ್ಯಾಟಿನ್ನಿನಲ್ಲಿ ಒಂದು ಸಾಲು: ಮೌನವಾಗಿದ್ದರೂ ಮಾತಾಡುತ್ತಾನೆ.